ತೂಕದ ಚೀಟಿ ಮತ್ತು ಹೃದಯಶುದ್ಧಿ

ಪ್ರಶ್ನೆ: ಕೋಲಾರದ ಬಳಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಾಲೀಕರು ಹೇಳಿದಂತೆ ರೈತರ ತೂಕವನ್ನು ಕಡಿಮೆ ಬರೆಯಬೇಕಾಗುತ್ತದೆ. ಪ್ರತಿದಿನ ಪ್ರಾರ್ಥಿಸುವ ನನ್ನ ಆತ್ಮಶುದ್ಧಿಗೆ ಇದರಿಂದ ಕುಂದುಂಟೇ?
– ಓದುಗರೊಬ್ಬರು, ಕೋಲಾರ

ಉತ್ತರ: ಖಂಡಿತವಾಗಿಯೂ ಉಂಟು. ಪ್ರಾರ್ಥನೆಯ ಶುದ್ಧಿ ಬೇರೆ, ದುಡಿಮೆಯ ಶುದ್ಧಿ ಬೇರೆ ಎಂಬ ವಿಂಗಡಣೆಯನ್ನು ಬೈಬಲ್ ಎಲ್ಲಿಯೂ ಒಪ್ಪುವುದಿಲ್ಲ. ಮೋಸದ ತಕ್ಕಡಿ ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ 11ನೆಯ ಅಧ್ಯಾಯ ನೇರವಾಗಿಯೇ ಹೇಳುತ್ತದೆ. ಮನುಷ್ಯನನ್ನು ಹೊಲೆಮಾಡುವುದು ಹೊರಗಿನಿಂದ ಒಳಸೇರುವುದಲ್ಲ, ಹೃದಯದೊಳಗಿಂದ ಹೊರಡುವುದು ಎಂದ ಯೇಸುಸ್ವಾಮಿ, ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ವ್ಯಭಿಚಾರ, ಕೊಲೆಗಳ ಜೊತೆಗೆ ಕಳ್ಳತನವನ್ನೂ ಮೋಸವನ್ನೂ ಎಣಿಸಿದ್ದಾರೆ. ಶುದ್ಧಿಯೆಂದರೆ ಕೇವಲ ದೇಹದ ನಡತೆ ಎಂದು ತಿಳಿದಿರುವ ನಮ್ಮ ಕ್ರೈಸ್ತ ಸಭೆಗಳು ಈ ಪಟ್ಟಿಯನ್ನು ಪೂರ್ತಿ ಓದಬೇಕೆಂಬುದು ನನ್ನ ಬಲವಾದ ಅನಿಸಿಕೆ. ಬೇರೆಯವರು ಹೇಳಿದ್ದರಿಂದ ಬರೆದೆನೆಂಬ ಸಮಾಧಾನ ಸಾಲದು, ಏಕೆಂದರೆ ಬರೆದ ಕೈ ನಿಮ್ಮದು.

ನಿಮ್ಮ ಮನಸ್ಸು ಚುಚ್ಚುತ್ತಿರುವುದು ಪವಿತ್ರಾತ್ಮರ ಕೆಲಸವೆಂದೇ ನಂಬುತ್ತೇನೆ. ಪಾಪವನ್ನು ಅರಿಕೆಮಾಡಿದರೆ ಕ್ಷಮೆಯುಂಟು. ಆದರೆ ಯೇಸುಸ್ವಾಮಿಯನ್ನು ಭೇಟಿಯಾದ ಸುಂಕದವನಾದ ಜಕ್ಕಾಯನು ಕ್ಷಮೆಯನ್ನಷ್ಟೇ ಬೇಡದೆ, ಅನ್ಯಾಯವಾಗಿ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಆದ್ದರಿಂದ ಯೇಸುಸ್ವಾಮಿಯ ನೆನಪಿಗಾಗಿ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಮುಂದಿನ ಕರ್ತನ ಭೋಜನಕ್ಕೆ ಮೊದಲೇ ಮಾಲೀಕರಿಗೆ ನಿಮ್ಮ ನಿಲುವನ್ನು ತಿಳಿಸಿರಿ, ನಷ್ಟಪಟ್ಟ ರೈತರಿಗೆ ನಿಮ್ಮಿಂದಾದಷ್ಟನ್ನು ಕೊಡಿಸಿರಿ. ಕೆಲಸ ಹೋಗುವ ಭಯವಿದ್ದರೆ ಸಭಾಪಾಲಕರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಿರಿ.