2-1 ಗೆದ್ದಿತು, 1-9 ಸೋತಿತು!

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನನ್ನ ಮಗಳು ಐರ್ಲೆಂಡಿನ ಲಿಮರಿಕ್‌ನಲ್ಲಿ ನರ್ಸ್. ಹನ್ನೊಂದು ವರ್ಷದ ಮೊಮ್ಮಗ ಅಲ್ಲಿನ ಕ್ಲಬ್ಬಿನಲ್ಲಿ ಗೇಲಿಕ್ ಫುಟ್‌ಬಾಲ್ ಆಡುತ್ತಾನೆ, ಕೈಯಲ್ಲೂ ಕಾಲಲ್ಲೂ ಚೆಂಡು ಆಡುವ ಐರ್ಲೆಂಡಿನದೇ ಆಟ. ಮೊನ್ನೆ ಫೋನಿನಲ್ಲಿ ಒಂದು ಒಗಟು ಹಾಕಿದ. 1891ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಡಬ್ಲಿನ್ 2-1, ಕಾರ್ಕ್ 1-9. ಗೆದ್ದವರು ಯಾರು ಅಜ್ಜಿ ಅಂದ. ಒಂದು ಗೋಲಿಗೆ ಮೂರು ಪಾಯಿಂಟ್ ಅಂತ ಅವನೇ ಹೇಳಿಕೊಟ್ಟಿದ್ದ. ಬೆರಳು ಎಣಿಸಿ ಕಾರ್ಕ್ ಅಂದೆ. ತಪ್ಪಂತೆ! ಅದು ಹೇಗೆ? ಲಿಮರಿಕ್‌ನ ಅಂಗಡಿಯವರ ಕ್ಲಬ್ಬೊಂದು ಇಡೀ ಐರ್ಲೆಂಡಿಗೇ ಮೊದಲ ಚಾಂಪಿಯನ್ ಅಂತಲೂ ಹೇಳುತ್ತಾನೆ. ಊರಿನ ಕ್ಲಬ್ಬು ದೇಶಕ್ಕೆ ಚಾಂಪಿಯನ್ ಆಗುವುದುಂಟೇ? ಮತ್ತೆ, ಅವನಿಗೆ ಆಟದ ಶೂ ಕೊಡಿಸಬೇಕು ಅಂತ ಆಸೆ. ಮೊದಲಿನವರು ಏನು ಹಾಕಿಕೊಂಡು ಆಡುತ್ತಿದ್ದರು?
(ಓದುಗ ಅಜ್ಜಿ, ದಾವಣಗೆರೆ)

ಉತ್ತರ: ಅಮ್ಮ, ನಿಮ್ಮ ಲೆಕ್ಕ ಸರಿ. ಮೊಮ್ಮಗನೂ ಸರಿ. ಆ ದಿನ ಮೈದಾನದಲ್ಲಿ ನಡೆಯುತ್ತಿದ್ದ ಲೆಕ್ಕವೇ ಬೇರೆ.

ಈ ಅಂಕಿಗಳ ಮುಂದೆ ನಾನೂ ಪೆಚ್ಚಾದವನೇ. ಮಗನ ಮನೆಗೆಂದು ಮೂರು ತಿಂಗಳು ಲಿಮರಿಕ್ ಕಡೆ ಇದ್ದೆ. ಒಂದು ಭಾನುವಾರ, ಜಿಟಿಜಿಟಿ ಮಳೆಯಲ್ಲೇ, ಊರಿನ ಮೈದಾನಕ್ಕೆ ಹೋದೆ. ಆಟ ಮುಗಿದಾಗ ಬೋರ್ಡಿನಲ್ಲಿ ಒಂದು ಕಡೆ 1-11, ಇನ್ನೊಂದು ಕಡೆ 0-13. ಹದಿಮೂರು ಜಾಸ್ತಿ ಅಲ್ವಾ? ಪಕ್ಕದಲ್ಲಿದ್ದ ಹಿರಿಯರಿಗೆ 'ಪಾಪ, ನಿಮ್ಮವರು ಸೋತರು' ಅಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಆಮೇಲೆ ಒಂದನೇ ಕ್ಲಾಸಿನ ಪಾಠ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು. ಪಟ್ಟಿಯ ಮೇಲೆ, ಎರಡು ಕಂಬಗಳ ನಡುವೆ ಹೋದರೆ ಪಾಯಿಂಟ್. ಮೊದಲ ಅಂಕಿ ಗೋಲಿನದು, ಎರಡನೆಯದು ಪಾಯಿಂಟಿನದು. ಹಾಗಾಗಿ ಅವತ್ತು 14, 13. ಅವರ ಕಡೆಯವರೇ ಗೆದ್ದಿದ್ದರು.

ಈಗ ಹಳೇ ಕಥೆಗೆ ಬರೋಣ. 1884ರ ನವೆಂಬರ್ 1ರಂದು ಟಿಪ್ಪೆರರಿ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಥರ್ಲ್ಸ್ ಊರಿನಲ್ಲಿ, ಹೇಯ್ಸ್ ಎಂಬವರ ಹೋಟೆಲಿನಲ್ಲಿ, ಬೆರಳೆಣಿಕೆಯ ಜನ ಸೇರಿ ಈ ಆಟವನ್ನು ನಡೆಸುವ ಸಂಸ್ಥೆ, ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಕಟ್ಟಿದರು. ಕರೆದವರು ಮೈಕೆಲ್ ಕ್ಯೂಸಾಕ್, ಡಬ್ಲಿನ್‌ನಲ್ಲಿ ಸರ್ಕಾರಿ ನೌಕರಿ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು. ಅಧ್ಯಕ್ಷರು ಮಾರಿಸ್ ಡ್ಯಾವಿನ್, ಹ್ಯಾಮರ್ ಎಸೆತದಲ್ಲಿ ಹೆಸರು ಮಾಡಿದ ಗಟ್ಟಿ ಆಳು. ಮರು ವರ್ಷದ ಆರಂಭದಲ್ಲೇ ಫುಟ್‌ಬಾಲ್ ನಿಯಮಗಳು ಅಚ್ಚಾದವು. ಓದಿದರೆ ನಗು ಬರುತ್ತದೆ. ಒಂದು ಕಡೆಗೆ ಹದಿನಾಲ್ಕಕ್ಕಿಂತ ಕಮ್ಮಿ ಬೇಡ, ಇಪ್ಪತ್ತೊಂದಕ್ಕಿಂತ ಜಾಸ್ತಿ ಬೇಡ. ಹಿಂದಿನಿಂದ ತಳ್ಳುವಂತಿಲ್ಲ, ಹಿಂದಿನಿಂದ ಹಿಡಿಯುವಂತಿಲ್ಲ, ತಲೆಯಿಂದ ಗುದ್ದುವಂತಿಲ್ಲ. ಮುಂದಿನಿಂದ? ಅದನ್ನು ಕೇಳಬೇಡಿ! ತಪ್ಪು ಮಾಡಿದವನು ಹೊರಗೆ ನಿಲ್ಲಬೇಕು, ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸುವ ಹಾಗಿಲ್ಲ.

ನಿಮ್ಮ ಒಗಟಿನ ಬೇರು ಇರುವುದು ಇನ್ನೊಂದು ನಿಯಮದಲ್ಲಿ. ಪಾಯಿಂಟ್ ಎನ್ನುವುದೇ ಆಗ ಇರಲಿಲ್ಲ, ಬರೀ ಗೋಲು. ಗೋಲಿನ ಬಾಯಿಯೋ ಹದಿನೈದು ಅಡಿ ಅಗಲ, ಎಂಟು ಅಡಿ ಎತ್ತರ. ಅದರ ಮುಂದೆ ಇಪ್ಪತ್ತೊಂದು ಜನ ಅಡ್ಡ ನಿಂತರೆ ಚೆಂಡು ಎಲ್ಲಿ ನುಗ್ಗಬೇಕು? ಈ ನಿಯಮದ ಮೊದಲ ಆಟ 1885ರ ಫೆಬ್ರುವರಿಯಲ್ಲಿ ಕಿಲ್ಕೆನಿ ಕೌಂಟಿಯ ಕ್ಯಾಲನ್‌ನಲ್ಲಿ ನಡೆಯಿತು. ಫಲಿತಾಂಶ 0-0. ಒಂದು ಗಂಟೆ ಕೆಸರಿನಲ್ಲಿ ಹೊರಳಾಡಿದರೂ ಗೆದ್ದವರೂ ಇಲ್ಲ, ಸೋತವರೂ ಇಲ್ಲ.

ಇದು ಸರಿಹೋಗಲ್ಲ ಅಂತ 1886ರಲ್ಲಿ ಗೋಲಿನ ಎರಡೂ ಬದಿಗೆ ಇಪ್ಪತ್ತೊಂದು ಅಡಿ ದೂರದಲ್ಲಿ ಇನ್ನೊಂದೊಂದು ಕಂಬ ನೆಟ್ಟರು. ಆ ಸಂದಿನಲ್ಲಿ ಚೆಂಡು ಹೋದರೆ ಪಾಯಿಂಟ್. ಆದರೆ ಗೋಲಿನ ಮರ್ಯಾದೆ ಕಡಿಮೆ ಆಗಬಾರದಲ್ಲ? ಪಾಯಿಂಟ್ ಎಷ್ಟೇ ಇದ್ದರೂ ಒಂದು ಗೋಲಿನ ಮುಂದೆ ಸೊನ್ನೆ ಅಂದರು. ಎರಡೂ ಕಡೆ ಗೋಲು ಸಮ ಆದರೆ ಮಾತ್ರ ಪಾಯಿಂಟ್ ಎಣಿಸುವುದು.

ಸಿಕ್ಕಿತಲ್ಲ ಉತ್ತರ? 1891ರ ಫೈನಲ್ ನಡೆದದ್ದು 1892ರ ಫೆಬ್ರುವರಿ 28ರಂದು, ಡಬ್ಲಿನ್‌ನ ಕ್ಲಾಂಟರ್ಕ್ ಪಾರ್ಕ್‌ನಲ್ಲಿ. ವರ್ಷದ ಹೆಸರೊಂದು, ಆಡಿದ ವರ್ಷ ಇನ್ನೊಂದು. ಆಗ ಅದು ಮಾಮೂಲು. ಕಾರ್ಕ್ ಕಡೆಯಿಂದ ಕ್ಲಾಂಡ್ರೊಹಿಡ್ ಎಂಬ ಹಳ್ಳಿಯವರು, ಡಬ್ಲಿನ್ ಕಡೆಯಿಂದ ಯಂಗ್ ಐರ್ಲೆಂಡ್ಸ್. ಹಳ್ಳಿಯವರು ಒಂದು ಗೋಲು, ಒಂಬತ್ತು ಪಾಯಿಂಟ್ ಹೊಡೆದರು. ಡಬ್ಲಿನ್‌ನವರು ಹೊಡೆದದ್ದು ಎರಡು ಗೋಲು, ಒಂದೇ ಪಾಯಿಂಟ್. ಎರಡು ಗೋಲು ದೊಡ್ಡದು. ಒಂಬತ್ತು ಪಾಯಿಂಟ್ ಗಾಳಿಗೆ ಹೋಯಿತು.

ಅದೇ ವರ್ಷ, ಅಂದರೆ 1892ರಲ್ಲಿ, ಒಂದು ಗೋಲಿಗೆ ಐದು ಪಾಯಿಂಟ್ ಅಂತ ಬೆಲೆ ಕಟ್ಟಿದರು. ತಂಡವನ್ನೂ ಹದಿನೇಳಕ್ಕೆ ಇಳಿಸಿದರು. ಆ ಲೆಕ್ಕದಲ್ಲಿ ಕಾರ್ಕ್ 14, ಡಬ್ಲಿನ್ 11. 1896ರಲ್ಲಿ ಗೋಲಿಗೆ ಮೂರು ಅಂದರು, ಅದೇ ಇವತ್ತಿಗೂ ಇದೆ. ಆ ಲೆಕ್ಕದಲ್ಲಿ ಕಾರ್ಕ್ 12, ಡಬ್ಲಿನ್ 7. ಹೇಗೆ ಕೂಡಿದರೂ ಕ್ಲಾಂಡ್ರೊಹಿಡ್‌ನವರೇ ಗೆಲ್ಲಬೇಕಿತ್ತು. ಆಡಿದ ದಿನದ ಲೆಕ್ಕವೊಂದನ್ನು ಬಿಟ್ಟು! ಕಬಡ್ಡಿಯಲ್ಲಿ ಇಪ್ಪತ್ತು ವರ್ಷ ಸೀಟಿ ಊದಿದ ನನಗೆ ಈ ಹಳ್ಳಿಯವರ ಮೇಲೆ ಯಾಕೋ ಕನಿಕರ. ಪಕ್ಕದ ಕಂಬಗಳನ್ನು 1910ರಲ್ಲಿ ಕಿತ್ತರು. ಒಂದು ಕಡೆಗೆ ಹದಿನೈದು ಜನ ಅಂತಾದದ್ದು 1913ರಲ್ಲಿ. ಮೊಮ್ಮಗನಿಗೆ ಇದನ್ನೂ ಕೇಳಿ: 2025ರಿಂದ ನಲವತ್ತು ಮೀಟರಿನ ಕಮಾನು ಗೆರೆಯ ಆಚೆಯಿಂದ ಹೊಡೆದ ಪಾಯಿಂಟಿಗೆ ಎರಡು ಕೊಡುತ್ತಾರೆ, ಗೊತ್ತೇನೋ? ಅವನಿಗೆ ಗೊತ್ತಿರುತ್ತದೆ ಬಿಡಿ.

ಇನ್ನು ಅಂಗಡಿಯವರ ಕ್ಲಬ್ಬು. ನಿಮ್ಮ ಮೊಮ್ಮಗ ಹೇಳಿದ್ದು ಅಪ್ಪಟ ನಿಜ. ಆಗ ಕೌಂಟಿ ತಂಡ ಅಂತ ಆರಿಸುವ ಪದ್ಧತಿಯೇ ಇರಲಿಲ್ಲ. ಕೌಂಟಿಯ ಊರೂರಿನ ಕ್ಲಬ್ಬುಗಳು ಮೊದಲು ತಮ್ಮತಮ್ಮಲ್ಲೇ ಸೆಣಸುತ್ತಿದ್ದವು. ಗೆದ್ದ ಕ್ಲಬ್ಬೇ ಆ ಕೌಂಟಿ. ಅದೇ ಹೋಗಿ ಬೇರೆ ಕೌಂಟಿಯ ಚಾಂಪಿಯನ್ ಜೊತೆ ಆಡಬೇಕು. ಆಖೈರಿಗೆ ಉಳಿದವರೇ ಅಖಿಲ ಐರ್ಲೆಂಡ್ ಚಾಂಪಿಯನ್. ಈ ಸ್ಪರ್ಧೆ ಶುರುವಾದದ್ದು 1887ರಲ್ಲಿ. ಫೈನಲ್ 1888ರ ಏಪ್ರಿಲ್ 29ರಂದು, ಡಬ್ಲಿನ್ ಹತ್ತಿರದ ಕ್ಲಾನ್ಸ್‌ಕೀಯ ಬೀಚ್ ಹಿಲ್‌ನಲ್ಲಿ. ಲಿಮರಿಕ್‌ನ ಕಮರ್ಷಿಯಲ್ಸ್ 1-4, ಡಂಡಾಕ್‌ನ ಯಂಗ್ ಐರ್ಲೆಂಡ್ಸ್ 0-3. ಕಮರ್ಷಿಯಲ್ಸ್ ಅಂದರೆ ಹೆಸರೇ ಹೇಳುವ ಹಾಗೆ ಅಂಗಡಿಯಾಳುಗಳು. ವಾರವೆಲ್ಲ ಕೌಂಟರ್ ಹಿಂದೆ ಬಟ್ಟೆ ಅಳೆದು ಕತ್ತರಿಸುತ್ತಿದ್ದ ಹುಡುಗರು. ಅವರಿಗೆ ಬಿಡುವಿದ್ದದ್ದು ಭಾನುವಾರ ಒಂದೇ. ಅದಕ್ಕೇ ಈ ಆಟ ಭಾನುವಾರಕ್ಕೆ ಅಂಟಿಕೊಂಡಿತು.

ಇಷ್ಟರಲ್ಲಿ ಎರಡು ಯಂಗ್ ಐರ್ಲೆಂಡ್ಸ್ ಬಂದವು, ಗಮನಿಸಿದಿರಾ? ಒಂದು ಡಂಡಾಕ್‌ನದು, ಒಂದು ಡಬ್ಲಿನ್‌ನದು. ಬ್ರಿಟಿಷರ ವಿರುದ್ಧ ಎದ್ದವರ ಹೆಸರನ್ನು ಕ್ಲಬ್ಬಿಗೆ ಇಡುವುದು ಆಗಿನ ರೂಢಿ. ಎಮೆಟ್ಸ್, ಸಾರ್ಸ್‌ಫೀಲ್ಡ್ಸ್, ಮಿಚೆಲ್ಸ್ ಎಲ್ಲ ಅಂಥವೇ. ನಿಮ್ಮ ಮೊಮ್ಮಗನ ಕ್ಲಬ್ಬಿನ ಹೆಸರೇನು ಅಂತ ಬರೆದಿಲ್ಲ ನೀವು.

1892ರಿಂದ ಗೆದ್ದ ಕ್ಲಬ್ಬು ಅಕ್ಕಪಕ್ಕದ ಕ್ಲಬ್ಬುಗಳಿಂದಲೂ ಒಳ್ಳೆಯ ಆಟಗಾರರನ್ನು ಸೇರಿಸಿಕೊಳ್ಳಬಹುದು ಅಂತಾಯಿತು. ಇವತ್ತಿನ ಕೌಂಟಿ ತಂಡ ಹುಟ್ಟಿದ್ದೇ ಅಲ್ಲಿಂದ.

ಎಲ್ಲ ವರ್ಷವೂ ಸುಸೂತ್ರವಾಗಿ ನಡೆಯಿತು ಅಂದುಕೊಳ್ಳಬೇಡಿ. 1888ರ ಸ್ಪರ್ಧೆ ಮುಗಿಯಲೇ ಇಲ್ಲ. ಹಣ ಸಂಗ್ರಹಕ್ಕೆಂದು ಸಂಸ್ಥೆಯ ಆಟಗಾರರು ಅಮೆರಿಕಕ್ಕೆ ಹಡಗು ಹತ್ತಿದರು. ಹಣವೂ ಬರಲಿಲ್ಲ, ಹೋದವರಲ್ಲಿ ಎಷ್ಟೋ ಜನ ಅಲ್ಲೇ ಉಳಿದರು. ಇನ್ನು 1895ರ ಫೈನಲ್ ನನಗೆ ತೀರಾ ಇಷ್ಟ. ಟಿಪ್ಪೆರರಿ 0-4, ಮೀತ್ 0-3. ಒಂದೇ ಪಾಯಿಂಟಿನ ಗೆಲುವು. ಆಮೇಲೆ ರೆಫರಿಯೇ ಪೇಪರಿಗೆ ಬರೆದರು: ಟಿಪ್ಪೆರರಿಯ ಒಂದು ಪಾಯಿಂಟನ್ನು ನಾನು ಕೊಡಬಾರದಿತ್ತು! ಗೆಲುವು ಮಾತ್ರ ಟಿಪ್ಪೆರರಿಯದೇ ಆಗಿ ಉಳಿಯಿತು. ನನಗೂ ಒಂದು ತಾಲ್ಲೂಕು ಫೈನಲ್‌ನಲ್ಲಿ ಹೀಗೇ ಆಗಿತ್ತು. ನಾನು ಪೇಪರಿಗೆ ಬರೆಯಲಿಲ್ಲ. ಇವತ್ತು ಬರೆದ ಹಾಗಾಯಿತು.

ಶೂ ವಿಷಯ. 1885ರ ನಿಯಮದಲ್ಲಿ ಅದೂ ಇದೆ. ಮೊಣಕಾಲವರೆಗಿನ ಚಡ್ಡಿ, ಉದ್ದ ಕಾಲುಚೀಲ, ಬೂಟು. ಬೂಟಿಗೆ ಮೊಳೆ ಇರಬಾರದು, ಕಬ್ಬಿಣದ ತುದಿ ಇರಬಾರದು. ಜಾರದ ಹಾಗೆ ಅಟ್ಟೆಗೆ ಚರ್ಮದ ಪಟ್ಟಿ ಹೊಡೆಸಿಕೊಳ್ಳಿ ಅಂತ ಸಲಹೆ. ಈಗ ಅಲ್ಲಿನ ಮಕ್ಕಳು ಹಾಕುವುದು ಗುಬುಟಿನ ಮಾಮೂಲಿ ಫುಟ್‌ಬಾಲ್ ಬೂಟು. ಅಳತೆ ಮಾತ್ರ ಮಗಳನ್ನು ಕೇಳಿಯೇ ತರಿಸಿ. ಹನ್ನೊಂದರ ಹುಡುಗನ ಕಾಲು ಆರು ತಿಂಗಳಿಗೊಮ್ಮೆ ಬೆಳೆಯುತ್ತದೆ.