ಸ್ಕ್ಯಾನ್ ನಾರ್ಮಲ್ ಬಂದರೆ ನಾಟಕ ಅಂತ ಅರ್ಥವೇ?

ಪ್ರಶ್ನೆ: ನನ್ನ ತಂಗಿಗೆ 23 ವರ್ಷ. ಹೋದ ವರ್ಷ ಅಪಘಾತದಲ್ಲಿ ಅಪ್ಪ ಅವಳ ಕಣ್ಣೆದುರೇ ತೀರಿಕೊಂಡರು. ಆಮೇಲಿಂದ ಆಗಾಗ ಬಿದ್ದು ಕೈಕಾಲು ಅದುರಿಸುತ್ತಾಳೆ. ಕೆಲವು ಸಲ ಅಪ್ಪನೇ ಮೈಮೇಲೆ ಬಂದಂತೆ ಮಾತಾಡುತ್ತಾಳೆ. ಆಮೇಲೆ ಏನೂ ನೆನಪಿರಲ್ಲ. ಸ್ಕ್ಯಾನ್, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ನಾರ್ಮಲ್. ಫಿಟ್ಸ್ ಮಾತ್ರೆಯಿಂದಲೂ ಕಮ್ಮಿಯಾಗಿಲ್ಲ. ಮನೆಯಲ್ಲಿ ಕೆಲವರು ದೆವ್ವ ಅಂತಾರೆ, ಕೆಲವರು ನಾಟಕ ಅಂತಾರೆ. ಏನಿದು?
– ಹೆಸರು ಬೇಡ, ದಾವಣಗೆರೆ

ಉತ್ತರ: ಕಣ್ಣಾರೆ ನೋಡದೆ ಕಾಯಿಲೆಯ ಹೆಸರು ಹೇಳಲಾರೆ. ಆದರೆ ರಿಪೋರ್ಟ್ ನಾರ್ಮಲ್ ಅಂದ ಮಾತ್ರಕ್ಕೆ ನಾಟಕ ಅನ್ನಬೇಡಿ. ತಡೆಯಲಾಗದ ಆಘಾತವಾದಾಗ ನೆನಪು, ಪ್ರಜ್ಞೆ, ಮೈಯ ಹಿಡಿತ ಇವುಗಳ ನಡುವಿನ ಕೊಂಡಿ ತಪ್ಪಿಹೋಗಬಹುದು. ಇದನ್ನು ಡಿಸೋಸಿಯೇಷನ್ ಅಂತೀವಿ. ಅವಳು ಬೇಕಂತ ಮಾಡುವುದಲ್ಲ ಅದು.

ಮೊದಲು ಫಿಟ್ಸ್ ವಿಷಯ ಇತ್ಯರ್ಥವಾಗಬೇಕು. ಅಪಸ್ಮಾರ, ಅಂದರೆ ಫಿಟ್ಸ್ ಕಾಯಿಲೆ, ಇದ್ದವರಿಗೂ ಫಿಟ್ಸ್ ಇಲ್ಲದ ಹೊತ್ತಲ್ಲಿ ಇಇಜಿ ನಾರ್ಮಲ್ ಬರಬಹುದು. ಮುಂದಿನ ಸಲ ಬಿದ್ದಾಗ ಮೊಬೈಲಲ್ಲಿ ವಿಡಿಯೋ ಮಾಡಿ. ಕಣ್ಣು ಬಿಗಿಯಾಗಿ ಮುಚ್ಚಿತ್ತಾ, ತಲೆ ಅತ್ತಿತ್ತ ಆಡುತ್ತಿತ್ತಾ, ಅದುರುವುದು ನಿಂತು ನಿಂತು ತುಂಬ ಹೊತ್ತು ನಡೆಯಿತಾ ನೋಡಿ. ಇವೆಲ್ಲ ಡಿಸೋಸಿಯೇಷನ್ ಕಡೆ ಬೆರಳು ತೋರಿಸುತ್ತವೆ. ಒಂದೇ ಗುರುತು ನಂಬಿ ತೀರ್ಮಾನಿಸಲಾಗದು. ಬಿದ್ದ ಹೊತ್ತಿನಲ್ಲೇ ದಾಖಲಾದ ವಿಡಿಯೋ ಇಇಜಿ (ಆಸ್ಪತ್ರೆಯಲ್ಲಿ ವಿಡಿಯೋ ಮಾಡುತ್ತಲೇ ತೆಗೆಯುವ ಇಇಜಿ) ಸಿಕ್ಕರೆ ಅನುಮಾನ ಬಹುಪಾಲು ಬಗೆಹರಿಯುತ್ತದೆ. ಕೆಲವರಿಗೆ ಅಪಸ್ಮಾರ, ಡಿಸೋಸಿಯೇಷನ್ ಎರಡೂ ಇರುತ್ತವೆ. ಹಾಗಾಗಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಮೈಮೇಲೆ ಬರುವುದೆಲ್ಲ ಕಾಯಿಲೆಯಲ್ಲ. ಕರಾವಳಿಯ ಕೋಲದಲ್ಲಿ ದೈವ ಬರುವುದಕ್ಕೆ ಹೊತ್ತು, ಜಾಗ, ಊರಿನ ಒಪ್ಪಿಗೆ ಇದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಕೂಡ ಇಂಥ ಆಚರಣೆಯನ್ನು ಕಾಯಿಲೆ ಅನ್ನುವುದಿಲ್ಲ. ಬೇಡವೆಂದರೂ ಬಂದು, ಬದುಕನ್ನೇ ಕೆಡಿಸಿದರೆ ಮಾತ್ರ ಅದು ಚಿಕಿತ್ಸೆಯ ವಿಷಯ.

ಜೊತೆಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ, ಇದೆಯಾ ಅಂತಲೂ ನೋಡಬೇಕು. ಅಪಘಾತ ಈಗಲೇ ನಡೆಯುತ್ತಿದೆ ಅನ್ನಿಸುವುದು, ಕೆಟ್ಟ ಕನಸು, ಆ ರಸ್ತೆಗೇ ಹೋಗದಿರುವುದು, ಹಾರ್ನ್ ಕೇಳಿದರೆ ಬೆಚ್ಚುವುದು, ಇವು ತಿಂಗಳು ಕಳೆದರೂ ಬಿಡದಿದ್ದರೆ ವೈದ್ಯರಿಗೆ ಹೇಳಿ.

ವೈದ್ಯರು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಲಿ. ಇದಕ್ಕೆ ಮಾತ್ರ ದಯವಿಟ್ಟು ಅಡ್ಡ ಬರಬೇಡಿ. ಮನೆಯವರೆದುರು ಹೇಳಲಾಗದ ನೋವು, ಹಿಂಸೆ ಏನಾದರೂ ಇದ್ದರೆ ಆಗಲೇ ಹೊರಬರುವುದು. ಮೊದಲ ದಿನವೇ ಎಲ್ಲ ಹೇಳು ಅಂತ ಒತ್ತಾಯ ಬೇಡ. ನಿಧಾನವಾಗಿ ನಂಬಿಕೆ ಬಂದ ಮೇಲೆ, ಮಾತಿನ ಚಿಕಿತ್ಸೆಯಿಂದ ಎಷ್ಟೋ ಜನ ಸುಧಾರಿಸುತ್ತಾರೆ.

ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ವಿಡಿಯೋ, ಹಳೆಯ ಚೀಟಿಗಳ ಸಮೇತ ಹೋಗಿ. ಹೋಗುವ ಮೊದಲು ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡಿದರೆ ಅವಳನ್ನು ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.