ನೇರಳೆಯೋ ಗುಲಾಬಿಯೋ: ಬ್ಯಾಕ್ಟೀರಿಯಾ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಗ್ರಾಂ ಪಾಸಿಟಿವ್, ಅಂದರೆ ಗ್ರಾಂ ವಿಧಾನದಲ್ಲಿ ಬಣ್ಣ ಹಾಕಿದಾಗ ನೇರಳೆಯಾಗಿ ಉಳಿಯುವಂಥದ್ದು (ಗುಲಾಬಿಯಾದರೆ ಗ್ರಾಂ ನೆಗೆಟಿವ್) ಎಂದು ಪಠ್ಯದಲ್ಲಿದೆ. ನಾನು ಮೂರು ದಿನದ ಕಲ್ಚರಿನಿಂದ (ಪ್ರಯೋಗಾಲಯದಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದಿಂದ) ಸ್ಲೈಡ್ ಮಾಡಿದರೆ ಅರ್ಧ ನೇರಳೆ, ಅರ್ಧ ಗುಲಾಬಿ. ಕಲ್ಚರಿಗೆ ಬೇರೇನೋ ಸೇರಿದೆಯೇ?

ಉತ್ತರ: ಸೇರಿರಲೂಬಹುದು, ಆದರೆ ಮೊದಲು ಅನುಮಾನಿಸಬೇಕಾದ್ದು ಆ ಮೂರು ದಿನಗಳನ್ನು. ಹಳೆಯ ಕೋಶಗಳ ಭಿತ್ತಿ ಶಿಥಿಲವಾಗಿ ಬಣ್ಣ ಹಿಡಿದಿಡಲಾರದೆ ಗುಲಾಬಿಯಾಗುತ್ತದೆ. 18ರಿಂದ 24 ಗಂಟೆಯ ಕಲ್ಚರ್ ಬಳಸಿ.

ಲೇಪ ತೆಳುವಾಗಿರಲಿ. ಗಾಳಿಯಲ್ಲಿ ಒಣಗಿದ ಮೇಲೆ ಜ್ವಾಲೆಯ ಮೇಲೆ ಎರಡು-ಮೂರು ಸಲ ಹಾಯಿಸಿ. ಸ್ಲೈಡಿನ ತಳವನ್ನು ಅಂಗೈ ಹಿಂಬದಿಗೆ ತಾಗಿಸಿದರೆ ಬೆಚ್ಚಗಿರಬೇಕು, ಸುಡಬಾರದು. ಹೆಚ್ಚು ಕಾಯಿಸಿದರೆ ಕೋಶಭಿತ್ತಿಯೇ ಒಡೆಯುತ್ತದೆ. ನೇರಳೆ ಬಣ್ಣವಾದ ಕ್ರಿಸ್ಟಲ್ ವಯೊಲೆಟ್ 1 ನಿಮಿಷ, ತೊಳೆದು ಅಯೋಡಿನ್ 1 ನಿಮಿಷ, ಮತ್ತೆ ತೊಳೆಯಿರಿ. ಅಯೋಡಿನ್ ಬಣ್ಣದೊಂದಿಗೆ ಕೂಡಿ ದೊಡ್ಡ ಕಣವಾಗುವುದರಿಂದಲೇ ಅದು ಭಿತ್ತಿಯೊಳಗೆ ಸಿಕ್ಕಿಕೊಳ್ಳುವುದು. ಈ ಹಂತ ಮರೆತರೆ ಎಲ್ಲವೂ ಗುಲಾಬಿ.

ಮುಂದಿನದೇ ಕೆಡುವ ಹಂತ. ಸ್ಲೈಡನ್ನು ಓರೆಯಾಗಿ ಹಿಡಿದು 95% ಆಲ್ಕೋಹಾಲನ್ನು ಹನಿಹನಿಯಾಗಿ ಬಿಡಿ. ಹರಿದಿಳಿಯುವ ದ್ರವದಲ್ಲಿ ನೇರಳೆ ಕಾಣದಾದ ಕ್ಷಣವೇ ನೀರಿನಿಂದ ತೊಳೆಯಿರಿ. ಸಾಮಾನ್ಯವಾಗಿ 10ರಿಂದ 20 ಸೆಕೆಂಡು ಸಾಕು. ಗಡಿಯಾರಕ್ಕಿಂತ ಕಣ್ಣನ್ನೇ ನಂಬುವುದು ಮೇಲು, ಲೇಪ ದಪ್ಪವಿದ್ದಷ್ಟೂ ಹೆಚ್ಚು ಹೊತ್ತು ಬೇಕಾಗುತ್ತದೆ. ಕೊನೆಗೆ ಗುಲಾಬಿ ಬಣ್ಣವಾದ ಸಫ್ರಾನಿನ್ 1 ನಿಮಿಷ.

ಗ್ರಾಂ ಪಾಸಿಟಿವ್ ಕೋಶದ ಭಿತ್ತಿಯಲ್ಲಿರುವ ಪೆಪ್ಟಿಡೊಗ್ಲೈಕಾನ್ ಎಂಬ ಬಲೆಯಂಥ ವಸ್ತುವಿನ ದಪ್ಪ ಪದರ ಆಲ್ಕೋಹಾಲಿನಲ್ಲಿ ನೀರು ಕಳೆದುಕೊಂಡು ಬಿಗಿಯುತ್ತದೆ, ಬಣ್ಣ ಒಳಗೇ ಉಳಿಯುತ್ತದೆ. ಗ್ರಾಂ ನೆಗೆಟಿವ್‌ನಲ್ಲಿ ಆಲ್ಕೋಹಾಲು ಹೊರಪೊರೆಯ ಕೊಬ್ಬನ್ನು ಕರಗಿಸುತ್ತದೆ; ಒಳಗಿನ ತೆಳು ಪದರದಿಂದ ಬಣ್ಣ ಸೋರಿಹೋಗುತ್ತದೆ. ಪ್ರತಿ ಸಲವೂ ಅದೇ ಸ್ಲೈಡಿನಲ್ಲಿ ಗೊತ್ತಿರುವ ಸ್ಟಫೈಲೊಕಾಕಸ್ (ಗ್ರಾಂ ಪಾಸಿಟಿವ್) ಮತ್ತು ಎಶ್ಚರಿಕಿಯಾ ಕೋಲಿ ಅಂದರೆ ಇ. ಕೋಲಿಯ (ಗ್ರಾಂ ನೆಗೆಟಿವ್) ಲೇಪವನ್ನೂ ಹಾಕಿ. ಅವೆರಡೂ ಸರಿಯಾಗಿ ಬಂದರೆ ದೋಷ ನಿಮ್ಮ ಕೈಯದಲ್ಲ, ಕಲ್ಚರಿನದು. ದಂಡಾಣುವಿನೊಳಗೆ (ದಂಡದಾಕಾರದ ಬ್ಯಾಕ್ಟೀರಿಯಾದೊಳಗೆ) ಬಣ್ಣ ಹಿಡಿಯದ ಮೊಟ್ಟೆಯಾಕಾರದ ಖಾಲಿ ಜಾಗ ಕಂಡರೆ ಗಾಬರಿ ಬೇಡ, ಅದು ಬೀಜಕ, ಕಷ್ಟಕಾಲ ದಾಟಲು ಬ್ಯಾಸಿಲಸ್ ಮಾಡಿಕೊಳ್ಳುವ ಗಟ್ಟಿ ರೂಪ.

ಪ್ರಶ್ನೆ: ಎಲ್ಲ ಬ್ಯಾಕ್ಟೀರಿಯಾವೂ ಈ ಎರಡರಲ್ಲೊಂದು ಗುಂಪಿಗೆ ಸೇರಲೇಬೇಕೆ?

ಉತ್ತರ: ಇಲ್ಲ. ಕ್ಷಯದ ಮೈಕೊಬ್ಯಾಕ್ಟೀರಿಯಂ ಭಿತ್ತಿಯಲ್ಲಿ ಮೇಣದಂಥ ಮೈಕೋಲಿಕ್ ಆಮ್ಲ ತುಂಬಿರುವುದರಿಂದ ಗ್ರಾಂ ಬಣ್ಣ ಸರಿಯಾಗಿ ಒಳಹೋಗದು; ಅದಕ್ಕೆ ಝೀಲ್-ನೀಲ್ಸನ್ ಎಂಬ ಬೇರೊಂದು ಬಣ್ಣ ಹಾಕುವ ವಿಧಾನ ಬೇಕು. ಮೈಕೊಪ್ಲಾಸ್ಮಾಕ್ಕಂತೂ ಭಿತ್ತಿಯೇ ಇಲ್ಲ. ಭಿತ್ತಿಯ ನಿರ್ಮಾಣಕ್ಕೆ ಅಡ್ಡಬರುವ ಪೆನಿಸಿಲಿನ್ ಅದರ ಮೇಲೆ ನಡೆಯದಿರುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಇ. ಕೋಲಿ, ಬ್ಯಾಸಿಲಸ್ ಎರಡೂ ದಂಡಾಣುಗಳು. ಹಾಗಾದರೆ ಹತ್ತಿರದ ಬಂಧುಗಳೇ?

ಉತ್ತರ: ಆಕಾರ ನೋಡಿ ನೆಂಟಸ್ತಿಕೆ ಹೇಳಲಾಗದು. ದಂಡದ ಆಕಾರ ಬೇರೆಬೇರೆ ವಂಶಗಳಲ್ಲಿ ಕಾಣುತ್ತದೆ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ ಹೇಳುವುದೂ ಭಿತ್ತಿಯ ಕಥೆಯನ್ನೇ. ಮೈಕೊಪ್ಲಾಸ್ಮಾವನ್ನೇ ನೋಡಿ: ಅದರ ಪೂರ್ವಜರು ಗ್ರಾಂ ಪಾಸಿಟಿವ್, ಭಿತ್ತಿ ಕಳೆದುಕೊಂಡದ್ದು ಆಮೇಲೆ. ಬಂಧುತ್ವಕ್ಕೆ ಈಗ ನೋಡುವುದು ಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೊಸೋಮಿನ 16ಎಸ್ ಆರ್‌ಎನ್‌ಎಯನ್ನು ಸಂಕೇತಿಸುವ, ಸುಮಾರು 1,500 ಅಕ್ಷರಗಳ ಜೀನನ್ನು. ಎಲ್ಲ ಬ್ಯಾಕ್ಟೀರಿಯಾದಲ್ಲೂ ಇದೆ, ನಿಧಾನವಾಗಿ ಬದಲಾಗುತ್ತದೆ, ಹೋಲಿಸಲು ಅನುಕೂಲ. ಇಂಥ ಆರ್‌ಎನ್‌ಎ ಹೋಲಿಕೆಯಿಂದಲೇ ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ, ಬ್ಯಾಕ್ಟೀರಿಯಾದಂತೆಯೇ ಕಾಣುವ ಆರ್ಕಿಯಾ ಎಂಬ ಏಕಕೋಶ ಜೀವಿಗಳು ಬ್ಯಾಕ್ಟೀರಿಯಾಗಳಿಂದ ಬೇರೆಯೇ ವಂಶ ಎಂದು ತೋರಿಸಿದ್ದು. ನಿಮ್ಮ ಎರಡು ದಂಡಾಣುಗಳಲ್ಲಿ ಇ. ಕೋಲಿ ಸ್ಯೂಡೊಮೊನಡೋಟ ವಿಭಾಗದ್ದು, ಬ್ಯಾಸಿಲಸ್ ಬ್ಯಾಸಿಲೋಟದ್ದು. ದೂರದ ನೆಂಟರು.

ಪ್ರಶ್ನೆ: ವರದಿಯಲ್ಲಿ ಮೊದಲಿನಿಂದಲೂ ‘ಇ. ಕೋಲಿ’ ಎಂದು ಬರೆದರೆ ಅಂಕ ಕಳೆಯುತ್ತಾರೆ. ಯಾಕೆ?

ಉತ್ತರ: ಕಳೆಯುವುದು ಸರಿಯೇ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ಮೊದಲ ಸಲ ‘ಎಶ್ಚರಿಕಿಯಾ ಕೋಲಿ’ ಎಂದು ಪೂರ್ತಿ ಬರೆದ ಮೇಲಷ್ಟೇ ಕುಲವನ್ನು ಮೊಟಕು ಮಾಡಬಹುದು. ಇಲ್ಲದಿದ್ದರೆ ಎಂಟಮೀಬಾ ಕೋಲಿಯೂ ‘ಇ. ಕೋಲಿ’ಯೇ ಆಗುತ್ತದೆ. ಅದು ಅಮೀಬಾ, ಇರುವುದೂ ಅದೇ ದೊಡ್ಡ ಕರುಳಿನಲ್ಲಿ.